ಸೇನೆಯ ತಾಂತ್ರಿಕ ತರಬೇತಿಯ ಗ್ರೇಡು ಮುಂದೆ ಲೆಕ್ಕಕ್ಕೆ ಬರುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸೇನೆಯ ಇಎಂಇಯಲ್ಲಿ, ಅಂದರೆ ಬಂದೂಕಿನಿಂದ ಹಿಡಿದು ಟ್ಯಾಂಕಿನವರೆಗೆ ಎಲ್ಲವನ್ನೂ ರಿಪೇರಿ ಮಾಡುವ ದಳದಲ್ಲಿ, 24 ವರ್ಷ ವಾಹನ ಮೆಕ್ಯಾನಿಕ್ ಆಗಿದ್ದು ಹವಾಲ್ದಾರನಾಗಿ ನಿವೃತ್ತನಾದೆ. ಈಗ ಬೆಳಗಾವಿಯಲ್ಲಿದ್ದೇನೆ. ಭಾನುವಾರ ಬೆಳಿಗ್ಗೆ ಮನೆಯ ಕಟ್ಟೆಯ ಮೇಲೆ ರಾಮದುರ್ಗ, ಗೋಕಾಕ, ಮುಧೋಳ, ಇಂಡಿ ಕಡೆಯ ಯಾರಾದರೂ ಬಂದು ಕುಳಿತಿರುತ್ತಾರೆ. ಒಮ್ಮೊಮ್ಮೆ ಹುಡುಗ, ಹೆಚ್ಚಾಗಿ ಹುಡುಗನ ತಂದೆ. ಪ್ರಶ್ನೆಗಳು ಅವೇ. ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಚಹಾ ಆರಿಹೋಗಿರುತ್ತದೆ. ಅದಕ್ಕೇ ಒಮ್ಮೆ ಕುಳಿತು ಬರೆದಿಟ್ಟೆ.

ಸುತ್ತು ಬಳಸದೆ ಹೇಳಿ. ಗ್ರೇಡು ಮುಖ್ಯವೋ, ಅಲ್ಲವೋ?

ಸಮವಸ್ತ್ರ ಮೈಮೇಲಿರುವ ತನಕ ಮುಖ್ಯ. ಮೊದಲ ಮೂರು-ನಾಲ್ಕು ವರ್ಷ ಬಹಳ ಮುಖ್ಯ. ಗೇಟು ದಾಟಿ ಹೊರಗೆ ಬಂದ ಮೇಲೆ ಅದನ್ನು ಕೇಳುವವರೇ ಇಲ್ಲ. ಹೊರಗಿನವರು ಟ್ರೇಡ್, ಅಂದರೆ ಕಲಿತ ಕಸುಬು, ಯಾವುದು, ಎಷ್ಟು ವರ್ಷ ಮಾಡಿದೆ, ಕೈಯಲ್ಲಿ ಕಾಗದ ಏನಿದೆ ಎಂದು ಕೇಳುತ್ತಾರೆ. ನಾನು ಊರಿಗೆ ಬಂದ ಮೇಲೆ ಒಬ್ಬರೇ ಒಬ್ಬರು ನನ್ನ ಗ್ರೇಡು ಕೇಳಿಲ್ಲ, ಭಾನುವಾರ ಕಟ್ಟೆಯ ಮೇಲೆ ಕುಳಿತವರನ್ನು ಬಿಟ್ಟರೆ.

ಇಷ್ಟು ಹೇಳಿ ಸುಮ್ಮನಾಗಬಹುದಿತ್ತು, ಆದರೆ ಇದು ನನ್ನ ಕಾಲದವರಿಗೆ ಹೊಂದುವ ಉತ್ತರ. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ಲೆಕ್ಕ ಬೇರೆಯಾಗಿದೆ. ತರಬೇತಿಯಲ್ಲಿ ನನಗೆ ಕಡಿಮೆ ಬಿದ್ದದ್ದನ್ನು ತುಂಬಿಕೊಳ್ಳಲು ಮುಂದೆ ಎರಡು ದಶಕ ಸಿಕ್ಕಿತು. ಈ ಯೋಜನೆಯಲ್ಲಿ ಸೇರುವ ಅಗ್ನಿವೀರನಿಗೆ ಸಿಗುವುದೇ ನಾಲ್ಕು ವರ್ಷ. ಅದರಲ್ಲಿ ತರಬೇತಿಯ ತಿಂಗಳುಗಳನ್ನೂ ರಜೆಯನ್ನೂ ಕಳೆಯಿರಿ. ಉಳಿದದ್ದರಲ್ಲಿ ಹಳೆಯ ಕಲೆ ತೊಳೆದುಕೊಳ್ಳಲು ಎಷ್ಟು ಹೊತ್ತು ಸಿಗುತ್ತದೆ, ನೀವೇ ಹೇಳಿ.

ತಾಂತ್ರಿಕ ತರಬೇತಿ ಇಲ್ಲೇ ಬೆಳಗಾವಿಯಲ್ಲಿ ನಡೆಯುತ್ತದಲ್ಲವೇ?

ಅರ್ಧ ನಿಜ. ಸಾಂಬ್ರಾದಲ್ಲಿರುವುದು ವಾಯುಪಡೆಯ ಏರ್‌ಮೆನ್ ತರಬೇತಿ ಶಾಲೆ. ಅಗ್ನಿವೀರವಾಯುಗಳ ಮೊದಲ ತಂಡ 2022ರ ಡಿಸೆಂಬರ್ ಕೊನೆಯಲ್ಲಿ ತರಬೇತಿ ಆರಂಭಿಸಿದ್ದೂ ಅಲ್ಲಿಯೇ. ಆದರೆ ಅಲ್ಲಿ ಕಲಿಸುವುದು ಮೂಲ ಸೈನಿಕ ಶಿಕ್ಷಣ. ಟ್ರೇಡಿನ ಕಲಿಕೆಗೆ ಮುಂದೆ ಬೆಂಗಳೂರಿನ ಜಾಲಹಳ್ಳಿ, ಚೆನ್ನೈ ಬಳಿಯ ತಾಂಬರಂ ಮುಂತಾದ ಕಡೆಯ ಸಂಸ್ಥೆಗಳಿಗೆ ಕಳಿಸುತ್ತಾರೆ. ಕ್ಯಾಂಪ್ ಪ್ರದೇಶದಲ್ಲಿ ನೀವು ನೋಡುವ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರ ಪದಾತಿ ದಳದ್ದು. ಅಲ್ಲಿಂದ ಹೊರಬರುವವನು ಸಿಪಾಯಿ, ಮೆಕ್ಯಾನಿಕ್ ಅಲ್ಲ.

ಇಎಂಇಗೆ ಸೇರಿದವರು ಸಿಕಂದರಾಬಾದಿಗೋ ಭೋಪಾಲಕ್ಕೋ ಹೋಗುತ್ತಾರೆ. ಸಿಗ್ನಲ್ಸ್‌ನವರಿಗೆ ಜಬಲ್ಪುರ, ಮದ್ರಾಸ್ ಸ್ಯಾಪರ್ಸ್‌ನವರಿಗೆ ಬೆಂಗಳೂರು. ನೌಕಾಪಡೆಯವರು ಮೊದಲು ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ ಮೈ ಹದಗೊಳಿಸಿಕೊಂಡು, ಇಂಜಿನ್ ಕಲಿಯುವವರಾದರೆ ಲೋಣಾವಳದ ಐಎನ್‌ಎಸ್ ಶಿವಾಜಿಗೆ, ವಿದ್ಯುತ್ ಕಲಿಯುವವರಾದರೆ ಜಾಮನಗರದ ಐಎನ್‌ಎಸ್ ವಲ್ಸುರಾಗೆ ಹೋಗುತ್ತಾರೆ.

ಅಂಕ ಯಾವುದಕ್ಕೆಲ್ಲ ಕೊಡುತ್ತಾರೆ?

ಓಟ, ಕವಾಯತು, ಗುರಿ ಹೊಡೆಯುವುದು, ನಕ್ಷೆ ಓದುವುದು ಮೊದಲ ಹಂತ. ಟ್ರೇಡಿಗೆ ಬಂದ ಮೇಲೆ ಥಿಯರಿ, ಪ್ರಾಕ್ಟಿಕಲ್, ಮೌಖಿಕ ಪರೀಕ್ಷೆ, ಕೊನೆಯಲ್ಲಿ ಟ್ರೇಡ್ ಟೆಸ್ಟ್. ಇದರ ಜೊತೆಗೆ ಉಸ್ತಾದರ ಕಣ್ಣಿಗೆ ನೀವು ಹೇಗೆ ಕಂಡಿರಿ ಎನ್ನುವುದೂ ಬರವಣಿಗೆಯಲ್ಲಿ ಎಲ್ಲೋ ಒಂದು ಕಡೆ ಕೂರುತ್ತದೆ. ಪಾನಾ ಬಳಸಿದ ಮೇಲೆ ಒರೆಸಿ ಟೂಲ್ ಬೋರ್ಡಿನ ಮೇಲೆ ಅದರದೇ ಆಕಾರ ಬರೆದಿಟ್ಟ ಜಾಗದಲ್ಲಿ ತೂಗುಹಾಕಿದಿರೋ, ನೆಲದ ಮೇಲೆ ಬಿಟ್ಟು ಊಟಕ್ಕೆ ಓಡಿದಿರೋ, ಅದಕ್ಕೆ ಪ್ರತ್ಯೇಕ ಅಂಕವಿಲ್ಲ. ಉಸ್ತಾದ್ ಮರೆಯುವುದೂ ಇಲ್ಲ.

ಗ್ರೇಡು ಮುಖ್ಯವೋ, ಟ್ರೇಡ್ ಮುಖ್ಯವೋ?

ಟ್ರೇಡ್. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ, ಮತ್ತು ಹುಡುಗರು ಅತಿ ಹೆಚ್ಚು ತಪ್ಪು ತಿಳಿಯುವುದೂ ಇಲ್ಲಿಯೇ.

ಟ್ಯಾಂಕಿನ ಗೋಪುರ ತಿರುಗಿಸುವ ಯಂತ್ರದ ಮೇಲೆ ಎ ಗ್ರೇಡು ಪಡೆದವನು ದಳದೊಳಗೆ ಬಂಗಾರ. ನಿವೃತ್ತನಾಗಿ ಜಮಖಂಡಿಗೆ ಬಂದಾಗ ಅವನ ಸುತ್ತ ಇಪ್ಪತ್ತು ಮೈಲಿಯಲ್ಲಿ ಒಂದೂ ಟ್ಯಾಂಕ್ ಇರುವುದಿಲ್ಲ. ಅದೇ ತಂಡದಲ್ಲಿ ಸಾಧಾರಣ ಅಂಕ ಪಡೆದು ಶೈತ್ಯ ಯಂತ್ರದ ಟ್ರೇಡ್ ಕಲಿತವನಿಗೆ ವಿಜಯಪುರದ ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜ್‌ನವರು ಬೇಸಿಗೆಯಲ್ಲಿ ಮನೆಯ ಬಾಗಿಲಿಗೆ ಬೈಕ್ ಕಳಿಸುತ್ತಾರೆ. ಎಲೆಕ್ಟ್ರಿಷಿಯನ್ನನಿಗೆ ಕೂಡಗಿಯ 2400 ಮೆಗಾವಾಟ್ ವಿದ್ಯುತ್ ಸ್ಥಾವರವಿದೆ, ಆಲಮಟ್ಟಿಯ ವಿದ್ಯುದಾಗಾರವಿದೆ, ಮುಧೋಳ-ಜಮಖಂಡಿ ಸೀಮೆಯ ಸಕ್ಕರೆ ಕಾರ್ಖಾನೆಗಳಿವೆ. ಫಿಟ್ಟರ್, ವೆಲ್ಡರ್, ಮಷಿನಿಸ್ಟ್‌ಗಳಿಗೆ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗ ಇದೆ, ಹತ್ತರಗಿಯ ವಿಮಾನ ಬಿಡಿಭಾಗಗಳ ಕಾರ್ಖಾನೆಗಳಿವೆ.

ಹಾಗಾದರೆ ಅಂಕಕ್ಕೆ ಬೆಲೆ ಇಲ್ಲವೇ ಎಂದರೆ, ಇದೆ, ಆದರೆ ನೀವು ಅಂದುಕೊಂಡ ಜಾಗದಲ್ಲಿ ಅಲ್ಲ. ಯಾರಿಗೆ ಯಾವ ಟ್ರೇಡ್ ಎಂಬುದು ಸಾಮಾನ್ಯವಾಗಿ ತರಬೇತಿಯ ಆರಂಭದಲ್ಲಿ, ಅಭಿರುಚಿ ಪರೀಕ್ಷೆ, ಆ ಹೊತ್ತಿನ ಅಂಕ, ದಳಕ್ಕೆ ಎಷ್ಟು ಜನ ಬೇಕು ಎನ್ನುವುದರ ಮೇಲೆ ನಿಲ್ಲುತ್ತದೆ. ಹೊಸ ಹುಡುಗರಿಗೆ ಆ ಮೊದಲ ವಾರಗಳ ಪರೀಕ್ಷೆ ಎಂದರೆ ತಾತ್ಸಾರ. ಕಾಲಲ್ಲಿ ಬೊಬ್ಬೆ ಎದ್ದಿರುತ್ತದೆ, ಮನೆಯ ನೆನಪು ಕಾಡುತ್ತಿರುತ್ತದೆ, ಇದೇನು ಮಹಾ ಎಂದು ಗೀಚಿ ಎದ್ದು ಬರುತ್ತಾರೆ. ಕೊನೆಯ ಟ್ರೇಡ್ ಟೆಸ್ಟಿಗೆ ರಾತ್ರಿಯೆಲ್ಲ ಓದುತ್ತಾರೆ. ಜೀವನಪೂರ್ತಿ ಬೆನ್ನಿಗಂಟಿಕೊಳ್ಳುವ ಟ್ರೇಡನ್ನು ಕೊಡಿಸಿದ್ದು ಮೊದಲಿನ ಪರೀಕ್ಷೆ ಎಂದು ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ.

ನಮ್ಮ ಹುಡುಗ ಐಟಿಐನಲ್ಲಿ ತರಗತಿಗೇ ಮೊದಲಿಗ. ಅಲ್ಲಿ ಅಂಕ ಕಡಿಮೆ ಬರುತ್ತಿದೆ ಎನ್ನುತ್ತಾನೆ. ಯಾಕೆ?

ಹಿಂದಿ. ಬಹುತೇಕ ಹಿಂದಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಾಠ ನಡೆಯುವುದು ಹಿಂದಿಯಲ್ಲಿ, ಯಂತ್ರದ ಭಾಗಗಳ ಹೆಸರು ಇಂಗ್ಲಿಷಿನಲ್ಲಿ, ಬೈಗುಳ ಎಲ್ಲ ಭಾಷೆಗಳಲ್ಲಿ. ಹರಿಯಾಣದ ಹುಡುಗನಿಗೆ ಉಸ್ತಾದರ ಮಾತು ಮನೆಯ ಮಾತು. ನಮ್ಮ ಹುಡುಗ ಅದನ್ನು ಮೊದಲು ಕನ್ನಡಕ್ಕೆ ತಂದುಕೊಂಡು, ಅರ್ಥ ಮಾಡಿಕೊಂಡು, ಉತ್ತರವನ್ನು ಮತ್ತೆ ಹಿಂದಿಗೆ ಒಯ್ಯಬೇಕು. ಅಷ್ಟರಲ್ಲಿ ಉಸ್ತಾದರು ಮುಂದಿನವನತ್ತ ಬೆರಳು ತೋರಿಸಿರುತ್ತಾರೆ. ಬೆಳಗಾವಿ, ಖಾನಾಪುರ, ನಿಪ್ಪಾಣಿ ಕಡೆಯವರಿಗೆ ಮರಾಠಿ ಗೊತ್ತಿರುವುದರಿಂದ ಸ್ವಲ್ಪ ಸಲೀಸು. ಸಿಂದಗಿ, ಮುದ್ದೇಬಿಹಾಳ, ಹುನಗುಂದದವರು ಮೊದಲ ಎರಡು ತಿಂಗಳು ಬಾಯಿ ಕಟ್ಟಿದಂತೆ ಇರುತ್ತಾರೆ.

ಆದ್ದರಿಂದ ನಮ್ಮ ಕಡೆಯ ಹುಡುಗನ ಗ್ರೇಡಿನಲ್ಲಿ ಕೈಗೆ ಬಂದ ಅಂಕವೆಷ್ಟು, ಬಾಯಿ ತಿಂದ ಅಂಕವೆಷ್ಟು ಎಂದು ಬೇರೆ ಬೇರೆ ನೋಡಬೇಕು. ಪ್ರಾಕ್ಟಿಕಲ್ ಚೆನ್ನಾಗಿದ್ದು ಮೌಖಿಕದಲ್ಲಿ ಬಿದ್ದಿದ್ದರೆ ಹೆದರಬೇಡಿ, ವರ್ಷದೊಳಗೆ ಸರಿಹೋಗುತ್ತದೆ. ಸೇರುವ ಮೊದಲು ಆರು ತಿಂಗಳು ಸಿಕ್ಕರೆ ಓಟದ ಜೊತೆಗೆ ದಿನಕ್ಕೆ ಅರ್ಧ ಗಂಟೆ ಹಿಂದಿ ಮಾತಾಡಿಸಿ. ನಮ್ಮ ಕಡೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮೈದಾನದಲ್ಲಿ 1600 ಮೀಟರ್ ಓಡಿಸುವ ಅಕಾಡೆಮಿಗಳು ಊರಿಗೊಂದು ಇವೆ. ಹಿಂದಿಯಲ್ಲಿ ನಾಲ್ಕು ಮಾತು ಕಲಿಸಿದ್ದನ್ನು ನಾನು ಒಂದರಲ್ಲಿಯೂ ನೋಡಿಲ್ಲ.

ಕಾಕಾ, ನಿಮಗೆ ಎಷ್ಟು ಬಂದಿತ್ತು?

ಬಿ. ಕೇಳಿದವರಿಗೆಲ್ಲ ಹೇಳುತ್ತೇನೆ, ಮುಚ್ಚಿಡುವಂಥದ್ದೇನಿಲ್ಲ.

ಟ್ರೇಡ್ ಟೆಸ್ಟಿನಲ್ಲಿ ಒಂದು ಶಕ್ತಿಮಾನ್ ಟ್ರಕ್ ನಿಲ್ಲಿಸಿ, ಪರೀಕ್ಷಕರು ಅದರಲ್ಲಿ ಮೊದಲೇ ಒಂದು ದೋಷ ಮಾಡಿಟ್ಟು, ಅರ್ಧ ಗಂಟೆ ಕೊಟ್ಟಿದ್ದರು. ಇಂಜಿನ್ ಸ್ಟಾರ್ಟ್ ಆಗುತ್ತದೆ, ಐದಾರು ಸೆಕೆಂಡಿಗೆ ಉಸಿರು ಬಿಡುತ್ತದೆ. ಡೀಸೆಲ್ ದಾರಿಯಲ್ಲಿ ಗಾಳಿ ಸೇರಿದೆ ಎನ್ನುವುದು ಯಾರಿಗಾದರೂ ಹೊಳೆಯುವ ಮಾತು. ಫಿಲ್ಟರ್ ತಲೆಯ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದೆ. ನೊರೆ ಬಂತು. ಒತ್ತಿದೆ, ಮತ್ತೆ ನೊರೆ. ಗಾಳಿ ಒಂದು ಸಲ ಸೇರಿದ್ದಾದರೆ ಇಪ್ಪತ್ತು ಒತ್ತಿಗೆ ಮುಗಿಯಬೇಕು. ಮುಗಿಯುತ್ತಿಲ್ಲ ಎಂದರೆ ಎಲ್ಲಿಂದಲೋ ಒಳಗೆ ಎಳೆದುಕೊಳ್ಳುತ್ತಲೇ ಇದೆ. ಹೊರಗೆ ಒಂದು ಹನಿಯೂ ಸೋರಿಲ್ಲ, ಪೈಪಿನ ಮೇಲಿನ ಧೂಳು ಒಣಗಿಯೇ ಇದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಒಂದೊಂದೇ ಜಾಯಿಂಟ್ ಬಿಚ್ಚುತ್ತ ಹೋದೆ. ಪಂಪಿನ ಬಾಯಿಯ ಬೋಲ್ಟಿನ ಕೆಳಗಿದ್ದ ತಾಮ್ರದ ವಾಷರಿನ ಅಂಚಿನಲ್ಲಿ ಉಗುರಿಗೆ ಸಿಗುವಷ್ಟು ಒಂದು ಗೀರು. ಬೇಕೆಂದೇ ಅರದಲ್ಲಿ ತೀಡಿ ಹಾಕಿದ್ದರು. ಬದಲಿಸಿದೆ, ಇಂಜಿನ್ ನಿಂತಿತು, ಅಂದರೆ ಓಡುತ್ತ ನಿಂತಿತು. ಕೈಗೆ ಪೂರ್ತಿ ಅಂಕ.

ಆಮೇಲೆ ಪರೀಕ್ಷಕರು ಕೇಳಿದರು: ಗಾಳಿ ಒಳಗೆ ಹೋಗುವ ಕಿಂಡಿಯಿಂದ ಡೀಸೆಲ್ ಯಾಕೆ ಹೊರಗೆ ಬರಲಿಲ್ಲ? ಪಂಪು ಎಳೆಯುವ ಕಡೆ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ, ಅದಕ್ಕೆ ಗಾಳಿ ಒಳಗೆ ನುಗ್ಗುತ್ತದೆ, ಡೀಸೆಲ್ ಹೊರಗೆ ಬರುವುದಿಲ್ಲ. ಕನ್ನಡದಲ್ಲಿ ಒಂದೇ ಸಾಲು. ನಾನು ‘ಸಾಬ್, ಹವಾ... ಹವಾ ಅಂದರ್...’ ಎಂದು ಕೈ ಆಡಿಸಿದೆ. ಬಿ ಬಂತು.

ಕೆಲವು ವರ್ಷಗಳ ನಂತರ ಲಡಾಖಿನಲ್ಲಿ, ಕಾನ್ವಾಯ್ ನಡುವೆ ಒಂದು ಸ್ಟಾಲಿಯನ್ ಟ್ರಕ್ ಇದೇ ರೋಗ ತೋರಿಸಿತು. ಕೈಗವಸು ತೆಗೆದರೆ ಪಾನಾ ಚರ್ಮಕ್ಕೆ ಅಂಟಿಕೊಳ್ಳುವ ಚಳಿ. ನೊರೆ ನೋಡಿದ ಕೂಡಲೇ ಎಲ್ಲಿ ಬಿಚ್ಚಬೇಕು ಎಂದು ಕೈಗೆ ಗೊತ್ತಿತ್ತು. ಇದನ್ನು ಕೇಳಿದವರು ‘ನೋಡಿದಿರಾ, ಗ್ರೇಡಿನಲ್ಲಿ ಏನಿದೆ’ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ನನ್ನ ತಂಡದಲ್ಲಿ ಎ ಪಡೆದವನೂ ಅದನ್ನು ಅಷ್ಟೇ ಬೇಗ ಕಂಡುಹಿಡಿಯುತ್ತಿದ್ದ, ಮೇಲಾಗಿ ಪಕ್ಕದ ಹುಡುಗನಿಗೆ ವಿವರಿಸಿಯೂ ಇರುತ್ತಿದ್ದ. ಅವನನ್ನು ಬೋಧಕನಾಗಿ ಕರೆಸಿಕೊಂಡರು, ನನಗಿಂತ ಮೇಲೇರಿ ನಾಯಿಬ್ ಸುಬೇದಾರನೂ ಆದ. ನ್ಯಾಯವಾಗಿಯೇ ಆದ.

ರೆಲಿಗೇಟ್ ಆದರೆ ಮುಗಿದೇಹೋಯಿತೇ?

ಇಲ್ಲ. ಪರೀಕ್ಷೆಯಲ್ಲಿ ಬಿದ್ದರೆ ಅಥವಾ ಕಾಯಿಲೆಯಿಂದ ಬಹಳ ದಿನ ಪಾಠ ತಪ್ಪಿದರೆ ಹಿಂದಿನ ತಂಡಕ್ಕೆ ಇಳಿಸುತ್ತಾರೆ. ಅದು ರೆಲಿಗೇಷನ್. ಜೊತೆಗೆ ಬಂದವರು ಕಸಮ್ ಪರೇಡ್, ಅಂದರೆ ಪ್ರಮಾಣವಚನದ ಕವಾಯತು, ಮುಗಿಸಿ ಪೆಟ್ಟಿಗೆ ಹೊತ್ತು ಹೊರಡುವಾಗ ನೀವು ಬ್ಯಾರಕ್ಕಿನ ಬಾಗಿಲಲ್ಲಿ ನಿಂತಿರುತ್ತೀರಿ, ಅದು ನೋಯುತ್ತದೆ. ಆದರೆ ಒಂದು ಸಲ ಇಳಿದವರು ಎಷ್ಟೋ ಜನ ಮುಂದೆ ಸುಬೇದಾರರಾಗಿದ್ದಾರೆ. ಮತ್ತೆ ಮತ್ತೆ ಇಳಿದರೆ ಮಾತ್ರ ಕಷ್ಟ. ಆಗ ‘ದಕ್ಷ ಸೈನಿಕನಾಗುವ ಸಂಭವವಿಲ್ಲ’ ಎಂದು ಬರೆದು ಮನೆಗೆ ಕಳಿಸುವ ಅಧಿಕಾರ ಅವರಿಗಿದೆ. ಎ ಮತ್ತು ಬಿ ನಡುವಿನ ಅಂತರಕ್ಕೆ ನಿದ್ದೆಗೆಡುವ ತಂದೆಯರು ನಿಜವಾಗಿ ಕೇಳಬೇಕಾದದ್ದು ಪಾಸೋ ಫೇಲೋ ಎಂದು.

ಅಗ್ನಿವೀರರಲ್ಲಿ 25 ಪ್ರತಿಶತ ಉಳಿಸಿಕೊಳ್ಳುವಾಗ ತರಬೇತಿಯ ಗ್ರೇಡು ನೋಡುತ್ತಾರೆಯೇ?

ಈಗ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಸರ್ಕಾರ ಯೋಜನೆ ಪ್ರಕಟಿಸುವಾಗ ಹೇಳಿದ್ದು: ನಾಲ್ಕು ವರ್ಷ ಮುಗಿದವರು ಕಾಯಂ ಸೇವೆಗೆ ಅರ್ಜಿ ಹಾಕಬಹುದು, ನಾಲ್ಕು ವರ್ಷದ ಸಾಧನೆಯೂ ಸೇರಿದಂತೆ ವಸ್ತುನಿಷ್ಠ ಮಾನದಂಡಗಳ ಮೇಲೆ ಕೇಂದ್ರೀಕೃತವಾಗಿ ಆಯ್ಕೆ ಮಾಡುತ್ತಾರೆ, ಪ್ರತಿ ತಂಡದಿಂದ ಹೆಚ್ಚೆಂದರೆ 25 ಪ್ರತಿಶತ. ‘ಹೆಚ್ಚೆಂದರೆ’ ಎಂಬ ಶಬ್ದದ ಕೆಳಗೆ ಎರಡು ಗೆರೆ ಎಳೆದುಕೊಳ್ಳಿ. ಉಳಿಯುವುದು ಹಕ್ಕಲ್ಲ.

ನಾಲ್ಕು ವರ್ಷದ ಸಾಧನೆ ಎಂದರೆ ಮೊದಲ ದಿನದಿಂದ ಲೆಕ್ಕ. ತರಬೇತಿ, ದೈಹಿಕ ಪರೀಕ್ಷೆ, ಗುರಿ, ಟ್ರೇಡಿನ ಜಾಣ್ಮೆ, ಶಿಸ್ತು ಎಲ್ಲ ಅದರೊಳಗೆ. ನನ್ನ ಕಾಲದಲ್ಲಿ ಎ ಮತ್ತು ಬಿ ನಡುವಿನ ವ್ಯತ್ಯಾಸ ಹತ್ತು ವರ್ಷದ ಬೆವರಿನಲ್ಲಿ ಕರಗಿ ಹೋಗುತ್ತಿತ್ತು. ಈಗ ನಾಲ್ವರಲ್ಲಿ ಒಬ್ಬನನ್ನು ಆರಿಸುವ ಸಾಲಿನಲ್ಲಿ ಪಕ್ಕದವನಿಗೂ ನಿಮಗೂ ನಡುವೆ ಇರುವುದೇ ಆ ಎರಡು ಅಂಕ ಆಗಿರಬಹುದು.

ಆದರೆ ಅಂಕಕ್ಕಿಂತ ಬೇಗ ಕೆಡಿಸುವುದು ಬೇರೆ ಇದೆ. ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ ಜಾತ್ರೆ, ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ. ರಜೆಗೆ ಬಂದ ಹುಡುಗನಿಗೆ ಮನೆಯವರೇ ‘ಎರಡು ದಿನ ಇದ್ದು ತೇರು ನೋಡಿಕೊಂಡು ಹೋಗು’ ಎನ್ನುತ್ತಾರೆ. ಯೂನಿಟ್ಟಿಗೆ ಎರಡು ದಿನ ತಡವಾಗಿ ಹೋದರೆ ಅದು ರಜೆ ಮೀರಿದ ಅಪರಾಧ. ಗಂಭೀರವಾಗಿ ತೆಗೆದುಕೊಂಡರೆ ದಾಖಲೆಯಲ್ಲಿ ಕೆಂಪು ಶಾಯಿಯ ನಮೂದು ಬೀಳುತ್ತದೆ, ಫೌಜಿಗಳು ಹೇಳುವ ರೆಡ್ ಇಂಕ್ ಎಂಟ್ರಿ. ಎ ಗ್ರೇಡು ಅದನ್ನು ಮುಚ್ಚುವುದಿಲ್ಲ. ತಾಯಂದಿರು ಇದನ್ನು ಓದುತ್ತಿದ್ದರೆ, ಟಿಕೆಟ್ ತೆಗೆಸುವ ಜವಾಬ್ದಾರಿ ನೀವೇ ವಹಿಸಿಕೊಳ್ಳಿ.

ಉಳಿಯದೇ ಹೋದರೆ?

ಸೇವಾನಿಧಿ ಎಂಬ ಇಡುಗಂಟು ಬರುತ್ತದೆ, ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ, ಅದಕ್ಕೆ ಆದಾಯ ತೆರಿಗೆ ಇಲ್ಲ. ಅದರಲ್ಲಿ ಅರ್ಧ ನಿಮ್ಮ ಸಂಬಳದಿಂದಲೇ ತಿಂಗಳಿಗೆ 30 ಪ್ರತಿಶತ ಹಿಡಿದದ್ದು, ಉಳಿದರ್ಧ ಸರ್ಕಾರ ಹಾಕಿದ್ದು. ಪಿಂಚಣಿ ಇಲ್ಲ, ಮಾಜಿ ಸೈನಿಕನೆಂಬ ಸ್ಥಾನವೂ ಇಲ್ಲ. ಕೌಶಲ ಪ್ರಮಾಣಪತ್ರ ಕೊಡುತ್ತಾರೆ. ಹತ್ತನೆಯ ತರಗತಿ ಓದಿ ಸೇರಿದವರಿಗೆ 12ನೆಯ ತರಗತಿಗೆ ಸಮನಾದ ಪ್ರಮಾಣಪತ್ರದ ವ್ಯವಸ್ಥೆ ಇದೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮೀಸಲಾತಿ ಮತ್ತು ವಯಸ್ಸಿನ ಸಡಿಲಿಕೆ ಘೋಷಿಸಿದ್ದಾರೆ.

ಈ ಹುಡುಗನಿಗೆ ತರಬೇತಿಯ ದಾಖಲೆ ನನಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ ಎಂದು ನನ್ನ ಅಂದಾಜು. ನನ್ನ ಬಳಿ ತೋರಿಸಲು 24 ವರ್ಷದ ಅನುಭವವಿತ್ತು. 23-24ರ ಪ್ರಾಯದ ಅವನ ಬಳಿ ತರಬೇತಿ ಮತ್ತು ಮೂರು ಚಿಲ್ಲರೆ ವರ್ಷದ ಕೆಲಸ. ಅನುಭವ ಕಡಿಮೆ ಇದ್ದಷ್ಟೂ ಜನ ಕಾಗದ ನೋಡುತ್ತಾರೆ.

ಕಾಯಂ ಆದವರಿಗೆ ಬಡ್ತಿಯಲ್ಲಿ ಗ್ರೇಡು ಎಷ್ಟು ಕಾಲ ನಿಲ್ಲುತ್ತದೆ?

ಮೊದಲ ತರಬೇತಿಯ ಗ್ರೇಡು ಬೇಗ ಹಳತಾಗುತ್ತದೆ. ಅದರ ಜಾಗದಲ್ಲಿ ಮುಂದಿನ ಕೋರ್ಸುಗಳ ಗ್ರೇಡಿಂಗ್, ಬಡ್ತಿಗೆ ಮುಂಚಿನ ಕೇಡರ್ ಪರೀಕ್ಷೆ, ವಾರ್ಷಿಕ ಗೋಪ್ಯ ವರದಿ ಬಂದು ಕೂರುತ್ತವೆ. ಸೇನೆಯ ಕೋರ್ಸುಗಳಲ್ಲಿ ‘ಎಎಕ್ಸ್‌ಐ’ ಎಂದರೆ ಎಲ್ಲರಿಗೂ ಕಿವಿ ನಿಮಿರುತ್ತದೆ. ಕೊನೆಯ ‘ಐ’ ಬೋಧಕನಾಗಲು ಯೋಗ್ಯ ಎಂಬುದರ ಗುರುತು. ಅಂಥವರಿಗೆ ಶಾಲೆ-ಕೇಂದ್ರಗಳಲ್ಲಿ ಕಲಿಸುವ ಪೋಸ್ಟಿಂಗ್ ಸಿಗುತ್ತದೆ, ಹೆಂಡತಿ ಮಕ್ಕಳನ್ನು ಜೊತೆಗೆ ಇಟ್ಟುಕೊಳ್ಳುವ ಅವಕಾಶವೂ ಬರುತ್ತದೆ. ಗ್ರೇಡಿನ ಲಾಭ ಹೆಂಡತಿಗೆ ಮೊದಲು ತಿಳಿಯುವುದು ಆಗಲೇ.

ಮೊದಲ ಗ್ರೇಡು ಮಾಡುವ ಒಂದೇ ಕೆಲಸವೆಂದರೆ ಮುಂದಿನ ಕೋರ್ಸಿಗೆ ಹೆಸರು ಕಳಿಸುವಾಗ ನಿಮ್ಮನ್ನು ಮುಂದೆ ನಿಲ್ಲಿಸುವುದು. ಅಲ್ಲಿ ಮತ್ತೆ ಚೆನ್ನಾಗಿ ಮಾಡಿದರೆ ಅದಕ್ಕಿಂತ ಮುಂದಿನದು. ಹೊಲಕ್ಕೆ ನೀರು ಬಿಟ್ಟ ಹಾಗೆ, ಮೊದಲ ಮಡಿ ತುಂಬಿದರೆ ಎರಡನೆಯದಕ್ಕೆ ತಾನಾಗಿ ಹರಿಯುತ್ತದೆ. ಮೊದಲಿನದು ತುಂಬದಿದ್ದರೆ ಗುದ್ದಲಿ ಹಿಡಿದು ನೀವೇ ಕಾಲುವೆ ತೋಡಬೇಕು, ನಾನು ತೋಡಿದ ಹಾಗೆ.

ಸಂಬಳದ ಏರಿಕೆಯ ಬಗ್ಗೆ ಹೆದರಬೇಡಿ. ಬಡ್ತಿ ಸಿಗದವರಿಗೂ 8, 16, 24 ವರ್ಷಕ್ಕೆ ಆರ್ಥಿಕ ಬಡ್ತಿ ಇದೆ. ವಾರ್ಷಿಕ ಗೋಪ್ಯ ವರದಿ ಕೆಟ್ಟು, ಶಿಸ್ತು ಕೆಟ್ಟು ಹೋದರೆ ಮಾತ್ರ ಅದಕ್ಕೂ ಅಡ್ಡಿ.

ಹೊರಗೆ ಕೆಲಸ ಕೊಡುವವರು ನಿಜವಾಗಿ ಏನು ನೋಡುತ್ತಾರೆ?

ಉದ್ಯಮಬಾಗದ ಒಂದು ಮಷಿನ್ ಶಾಪಿಗೆ ನಾನು ಕೆಲಸ ಕೇಳಲು ಹೋದಾಗ ಮಾಲೀಕರು ಡಿಸ್ಚಾರ್ಜ್ ಬುಕ್ಕನ್ನು, ಅಂದರೆ ಸೇನೆ ಬಿಡುವಾಗ ಕೊಡುವ ಸೇವಾ ದಾಖಲೆಯ ಪುಸ್ತಕವನ್ನು, ಎರಡು ಪುಟ ತಿರುವಿ ಪಕ್ಕಕ್ಕಿಟ್ಟರು. ‘ಬನ್ನಿ’ ಎಂದು ಹಿಂದಿನ ಶೆಡ್ಡಿಗೆ ಕರೆದೊಯ್ದರು. ಗಾಳಿಯ ಕಂಪ್ರೆಸರ್ ಒತ್ತಡ ಹಿಡಿಯುತ್ತಿರಲಿಲ್ಲ. ಮೋಟಾರು ನಿಂತ ಮೇಲೂ ಪ್ರೆಶರ್ ಸ್ವಿಚ್ಚಿನ ಅಡಿಯಿಂದ ಗಾಳಿ ಸುಯ್ಯೆಂದು ಬರುತ್ತಲೇ ಇತ್ತು. ಟ್ಯಾಂಕಿಗೆ ಹೋದ ಗಾಳಿ ವಾಪಸು ಬರದಂತೆ ತಡೆಯುವ ವಾಲ್ವ್ ಹೋಗಿದೆ ಎಂದೆ. ಬಿಚ್ಚಿಸಿದರು. ವಾಲ್ವಿನ ರಬ್ಬರು ಬಿಸ್ಕತ್ತಿನಂತೆ ಪುಡಿಯಾಗಿತ್ತು. ‘ನಾಳೆಯಿಂದ ಬನ್ನಿ’ ಎಂದರು. ಸಂದರ್ಶನ ಅಷ್ಟೇ.

ದೊಡ್ಡ ಕಂಪನಿಗಳಲ್ಲಿ ಹೀಗಾಗುವುದಿಲ್ಲ. ಅಲ್ಲಿ ಕಾಗದ ಮೊದಲು, ಕೈ ಆಮೇಲೆ. ಡಿಸ್ಚಾರ್ಜ್ ಬುಕ್ಕಿನಲ್ಲಿ ಅವರು ನೋಡುವುದು ಟ್ರೇಡ್, ಸೇವೆಯ ಅವಧಿ, ಮಾಡಿದ ಕೋರ್ಸುಗಳು, ವೈದ್ಯಕೀಯ ವರ್ಗ, ನಡತೆ. ನಡತೆಯ ಸಾಲಿನಲ್ಲಿ ‘ಎಕ್ಸೆಂಪ್ಲರಿ’ ಅಥವಾ ‘ವೆರಿ ಗುಡ್’ ಇದ್ದರೆ ಮುಂದಿನ ಪುಟಕ್ಕೆ ಹೋಗುತ್ತಾರೆ. ಇನ್ನೊಂದು ತೊಡಕು ಟ್ರೇಡಿನ ಹೆಸರು. ಸೇನೆಯ ಹೆಸರು ಹೊರಗಿನವರಿಗೆ ಅರ್ಥವಾಗುವುದಿಲ್ಲ. ಸೇನಾ ಟ್ರೇಡಿಗೆ ಸಮನಾದ ನಾಗರಿಕ ಟ್ರೇಡ್ ಯಾವುದು ಎಂಬ ಪಟ್ಟಿಯನ್ನು ಪುನರ್ವಸತಿ ಮಹಾನಿರ್ದೇಶನಾಲಯ ಹೊರತಂದಿದೆ. ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ಕೇಳಿ, ಅರ್ಜಿಯಲ್ಲಿ ಆ ಹೆಸರನ್ನೇ ಬರೆಯಿರಿ.

ಸರ್ಕಾರಿ ನೌಕರಿಯಲ್ಲಿ?

ತರಬೇತಿಯ ಗ್ರೇಡಿಗೆ ಅಲ್ಲಿ ಜಾಗವಿಲ್ಲ. ಮಾಜಿ ಸೈನಿಕರಿಗೆ ಕೇಂದ್ರದ ಗ್ರೂಪ್ ಸಿ ಹುದ್ದೆಗಳಲ್ಲಿ 10 ಪ್ರತಿಶತ, ಸಾರ್ವಜನಿಕ ಉದ್ದಿಮೆ ಮತ್ತು ಸರ್ಕಾರಿ ಬ್ಯಾಂಕುಗಳ ಗ್ರೂಪ್ ಸಿಯಲ್ಲಿ 14.5 ಪ್ರತಿಶತ ಮೀಸಲಿದೆ, ರಾಜ್ಯದ ನೇಮಕಾತಿಯಲ್ಲಿಯೂ ಮೀಸಲಿದೆ. ಆದರೆ ಆ ಕೋಟಾದೊಳಗೆ ಮಾಜಿ ಸೈನಿಕರ ನಡುವೆಯೇ ಪೈಪೋಟಿ, ಅದು ಲಿಖಿತ ಪರೀಕ್ಷೆಯ ಅಂಕದ ಮೇಲೆ. ಎಸ್ಸೆಸ್ಸೆಲ್ಸಿ ಆಗಿ 15 ವರ್ಷ ಸೇವೆ ಮಾಡಿದವರು, ಸೇನೆಯ ಶಿಕ್ಷಣ ಪ್ರಮಾಣಪತ್ರವಿದ್ದರೆ, ಪದವಿ ಕೇಳುವ ತಾಂತ್ರಿಕವಲ್ಲದ ಗ್ರೂಪ್ ಸಿ ಹುದ್ದೆಗಳಿಗೆ ಕೇಂದ್ರದಲ್ಲಿ ಅರ್ಹರು. ಇದು ಬಹಳ ಜನಕ್ಕೆ ಗೊತ್ತಿಲ್ಲ, ಗೊತ್ತಿಲ್ಲದೆ ಅರ್ಜಿಯನ್ನೇ ಹಾಕುವುದಿಲ್ಲ.

ವಾಯುಪಡೆಯ ತಂತ್ರಜ್ಞರು ನೇರವಾಗಿ ವಿಮಾನ ಕಂಪನಿಗೆ ಸೇರಬಹುದೇ?

ಸೇರಬಹುದು, ಆದರೆ ವಿಮಾನ ಹಾರಲು ಯೋಗ್ಯ ಎಂದು ಸಹಿ ಹಾಕುವ ಅಧಿಕಾರ ಬೇಕಾದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಎಎಂಇ, ಅಂದರೆ ವಿಮಾನ ನಿರ್ವಹಣಾ ಇಂಜಿನಿಯರ್, ಲೈಸೆನ್ಸ್ ಬೇಕು. ವಾಯುಪಡೆಯ ಅನುಭವವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಪರೀಕ್ಷೆಯ ಪತ್ರಿಕೆಗಳನ್ನು ಮಾತ್ರ ನೀವೇ ಬರೆಯಬೇಕು, ನಾಗರಿಕ ವಿಮಾನಗಳ ಮೇಲೂ ಸ್ವಲ್ಪ ಕಾಲ ಕೆಲಸ ಮಾಡಿರಬೇಕು. ಜಾಲಹಳ್ಳಿಯಲ್ಲಿ ಅರ್ಥ ಮಾಡಿಕೊಂಡು ಓದಿದವನಿಗೆ ಈ ಪತ್ರಿಕೆಗಳು ಹಳೆಯ ಸ್ನೇಹಿತರು. ಉರು ಹೊಡೆದು ಎ ತೆಗೆದವನು ಮೊದಲಿನಿಂದ ಶುರು ಮಾಡುತ್ತಾನೆ.

ಪದವಿ ಮಾಡಬೇಕೆಂದರೆ ತರಬೇತಿ ಉಪಯೋಗಕ್ಕೆ ಬರುತ್ತದೆಯೇ?

ಬರುತ್ತದೆ. ಅಗ್ನಿವೀರರಿಗಾಗಿ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಮೂಲಕ ಮೂರು ವರ್ಷದ ಕೌಶಲಾಧಾರಿತ ಪದವಿಯನ್ನು 2022ರಲ್ಲಿ ಪ್ರಕಟಿಸಿದರು. ಅದರಲ್ಲಿ ಅರ್ಧದಷ್ಟು ಕ್ರೆಡಿಟ್ ಸೇನೆಯ ತರಬೇತಿಯಿಂದಲೇ. ಸೇರಿದ ಮೊದಲ ವರ್ಷವೇ ಹೆಸರು ನೋಂದಾಯಿಸಿ.

ಮಗ ವಿಜಯಪುರದ ಸೈನಿಕ ಶಾಲೆಯಲ್ಲಿದ್ದಾನೆ. ಅಲ್ಲಿಯ ಅಂಕವೂ ಇದೇ ಲೆಕ್ಕವೇ?

ಅಲ್ಲ. 1963ರಲ್ಲಿ ಆರಂಭವಾದ ಆ ಶಾಲೆಯಾಗಲಿ, ಹೆಣ್ಣುಮಕ್ಕಳಿಗಾಗಿ ಕಿತ್ತೂರಿನಲ್ಲಿರುವ ಸೈನಿಕ ಶಾಲೆಯಾಗಲಿ ಶಾಲೆಗಳು. ಅಧಿಕಾರಿಯಾಗಲು ಎನ್‌ಡಿಎ ಪರೀಕ್ಷೆ ಬರೆಯಬೇಕು. ಆ ದಾರಿ ಬೇರೆ, ಅದರ ಬಗ್ಗೆ ಹೇಳಲು ಹವಾಲ್ದಾರನಿಗಿಂತ ಯೋಗ್ಯರು ಇದ್ದಾರೆ.

ಹೆಣ್ಣು ಕೊಡುವವರು ಗ್ರೇಡು ಕೇಳುತ್ತಾರೆಯೇ?

ಮೊದಲು ಹೊಲ ಎಷ್ಟು ಎಕರೆ ಎಂದು ಕೇಳುತ್ತಿದ್ದರು. ಈಗ ‘ಕಾಯಂ ಆಗುತ್ತದೆಯೋ’ ಎಂದು ಕೇಳುತ್ತಾರೆ. ಗ್ರೇಡು ಕೇಳಿದ ಬೀಗರನ್ನು ನಾನು ಇನ್ನೂ ಕಂಡಿಲ್ಲ.

ತರಬೇತಿಯ ಕಾಗದಗಳು ಕಳೆದಿವೆ. ಈಗ ಏನು ಮಾಡಲಿ?

ನಿಮ್ಮ ದಳದ ರೆಕಾರ್ಡ್ ಆಫೀಸಿಗೆ ಬರೆಯಿರಿ. ಸೇನಾ ಸಂಖ್ಯೆ, ಹೆಸರು ದಾಖಲೆಯಲ್ಲಿ ಇದ್ದ ಹಾಗೆಯೇ, ಟ್ರೇಡ್, ಸೇರಿದ ಮತ್ತು ಬಿಟ್ಟ ದಿನಾಂಕ, ಕೋರ್ಸ್ ನಡೆದ ಜಾಗ ಮತ್ತು ವರ್ಷ. ಹೆಸರಿನ ಅಕ್ಷರದಲ್ಲಿ ಆಧಾರಿಗೂ ಡಿಸ್ಚಾರ್ಜ್ ಬುಕ್ಕಿಗೂ ವ್ಯತ್ಯಾಸವಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ. ನಮ್ಮ ಕಡೆ ಅಡ್ಡಹೆಸರು ಒಂದು ಕಡೆ ಹಿಂದೆ, ಇನ್ನೊಂದು ಕಡೆ ಮುಂದೆ ಬಂದು ಬಹಳ ಜನ ಸಿಕ್ಕಿಬಿದ್ದಿದ್ದಾರೆ. ಅರ್ಜಿ ಬರೆಯಲು ಬಾರದಿದ್ದರೆ ಜಿಲ್ಲಾ ಸೈನಿಕ ಕಚೇರಿಯಲ್ಲಿ ನೆರವು ಕೇಳಿ. ಅದೂ ಆಗದಿದ್ದರೆ ಭಾನುವಾರ ಕಟ್ಟೆಗೆ ಬನ್ನಿ, ಡಿಸ್ಚಾರ್ಜ್ ಬುಕ್ಕಿನ ಪ್ರತಿ ಪುಟದ ಜೆರಾಕ್ಸ್ ತರುವುದನ್ನು ಮರೆಯಬೇಡಿ, ಖಾಲಿ ಪುಟಗಳದ್ದೂ.